ಕೀಲಿಕೈ ಯಾರ ಹತ್ತಿರ: ದೂರದ ಕಂಪ್ಯೂಟರನ್ನು ತಲುಪಿದ ಐವತ್ತು ವರ್ಷ

ಚೆನ್ನೈನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ಊರಿನ ಮಳೆಯ ಮಾತು, ಆಮೇಲೆ ಬೆಂಗಳೂರು ರೈಲಿನ ಟಿಕೆಟ್ಟಿನ ಮಾತು. ಗುಂಪಿನಲ್ಲಿ ಸಾಫ್ಟ್‌ವೇರ್ ಕೆಲಸದವನೊಬ್ಬ ಇದ್ದಾನೆ ಅಂತ ಗೊತ್ತಾದರೆ ಮೂರನೆಯದಾಗಿ ಒಂದು ಪ್ರಶ್ನೆ ಬಂದೇ ಬರುತ್ತದೆ: “ಊರಲ್ಲಿರೋ ಕಂಪ್ಯೂಟರನ್ನ ಇಲ್ಲಿಂದಲೇ ನೋಡ್ಬೇಕು, ಯಾವ ಸಾಫ್ಟ್‌ವೇರ್ ಹಾಕೋಣ ಸರ್?” ಕೇಳುವವರ ಅಗತ್ಯ ಬೇರೆ ಬೇರೆ. ಒಬ್ಬರ ಅಮ್ಮನ ಲ್ಯಾಪ್‌ಟಾಪಿಗೆ ಪ್ರಿಂಟರ್ ಕಾಣುತ್ತಿಲ್ಲ. ಇನ್ನೊಬ್ಬರ ಅಪ್ಪ ಅಡಿಕೆ ಲೆಕ್ಕವನ್ನೆಲ್ಲ ಎಕ್ಸೆಲ್‌ನಲ್ಲಿ ಬರೆದು ಎಲ್ಲಿ ಸೇವ್ ಮಾಡಿದ್ದು ಅಂತ ಮರೆತಿದ್ದಾರೆ. ಮತ್ತೊಬ್ಬ ವಿದ್ಯಾರ್ಥಿಗೆ ಹಾಸ್ಟೆಲಿನಲ್ಲಿ ಕೂತು ಮನೆಯ ಡೆಸ್ಕ್‌ಟಾಪಿನಲ್ಲಿ ಪ್ರೋಗ್ರಾಂ ಓಡಿಸಬೇಕು.

ಒಂದು ಹೆಸರು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ಕ್ಷೇತ್ರದಲ್ಲಿ ಹೆಸರುಗಳು ಬಾಳುವುದಿಲ್ಲ. ನಾನು ಎಂ.ಟೆಕ್ ಓದುತ್ತಿದ್ದಾಗ ಎಲ್ಲರ ಬಾಯಲ್ಲಿದ್ದ ಸಾಫ್ಟ್‌ವೇರ್ ಇವತ್ತು ಇಲ್ಲ. ಇವತ್ತಿನದು ಇನ್ನು ಹತ್ತು ವರ್ಷಕ್ಕೆ ಇರುತ್ತದೋ ಇಲ್ಲವೋ. ಬದಲಾಗದೆ ಉಳಿದದ್ದು ಒಂದೇ ಪ್ರಶ್ನೆ: ನಾನು ಕೂತ ಜಾಗಕ್ಕೂ ಆ ಯಂತ್ರಕ್ಕೂ ನಡುವೆ ಯಾರು ನಿಂತಿದ್ದಾರೆ, ಬಾಗಿಲಿನ ಕೀಲಿ ಯಾರ ಹತ್ತಿರ ಇದೆ? ಈ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಈ ತಂತ್ರಜ್ಞಾನದ ಇತಿಹಾಸ. ಅದರ ಕೆಲವು ಮುಖ್ಯ ಪುಟಗಳು ನಾನಿರುವ ಅಡ್ಯಾರಿನ ಸುತ್ತಮುತ್ತಲೇ ಇವೆ. ಸಾಫ್ಟ್‌ವೇರ್ ಆರಿಸುವ ಮುಂಚೆ ಅವನ್ನೊಮ್ಮೆ ತಿರುವಿ ಹಾಕಿದರೆ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ ಅನ್ನುವುದು ನನ್ನ ಅನುಭವ.

ಯಂತ್ರ ಅವರದು, ಸರದಿ ನಮ್ಮದು

ಅಡ್ಯಾರಿನ ಸರ್ದಾರ್ ಪಟೇಲ್ ರಸ್ತೆಯಲ್ಲಿ ಹೋಗುವವರಿಗೆ ಐಐಟಿ ಮದ್ರಾಸಿನ ಗೇಟು ಗೊತ್ತಿರುತ್ತದೆ. ಪಶ್ಚಿಮ ಜರ್ಮನಿಯ ನೆರವಿನಿಂದ 1959ರಲ್ಲಿ ಶುರುವಾದ ಸಂಸ್ಥೆ ಅದು. ಅದೇ ನೆರವಿನ ಭಾಗವಾಗಿ 1973ರಲ್ಲಿ ಅಲ್ಲಿಗೆ ಐಬಿಎಂ 370/155 ಎಂಬ ದೊಡ್ಡ ಕಂಪ್ಯೂಟರ್ ಬಂತು. ಆ ಕಾಲದಲ್ಲಿ ಕಂಪ್ಯೂಟರ್ ಬಳಸುವುದು ಅಂದರೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ, ಕಟ್ಟನ್ನು ಕೌಂಟರಿನಲ್ಲಿ ಕೊಟ್ಟು, ಉತ್ತರದ ಕಾಗದಕ್ಕೆ ಕಾಯುವುದು. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಸರದಿ. ಯಂತ್ರಕ್ಕೂ ಬಳಸುವವನಿಗೂ ನಡುವೆ ಗಾಜಿನ ಗೋಡೆ, ಕೌಂಟರು, ಆಪರೇಟರು. ಕೀಲಿ ಪೂರ್ತಿಯಾಗಿ ಸಂಸ್ಥೆಯ ಕೈಯಲ್ಲಿ. ಅದರಲ್ಲಿ ಯಾರಿಗೂ ಆಕ್ಷೇಪ ಇರಲಿಲ್ಲ. ಯಂತ್ರ ಅವರದೇ ತಾನೆ.

ಅತ್ತ ಅಮೆರಿಕದಲ್ಲಿ 1969ರಲ್ಲೇ ಅರ್ಪಾನೆಟ್ ಜಾಲದ ಮೇಲೆ ಒಂದು ಊರಿನ ಟರ್ಮಿನಲ್‌ನಿಂದ ಇನ್ನೊಂದು ಊರಿನ ಯಂತ್ರಕ್ಕೆ ಲಾಗಿನ್ ಆಗುವ ಟೆಲ್‌ನೆಟ್ ಎಂಬ ಪದ್ಧತಿ ಹುಟ್ಟಿತ್ತು. ಅದರ ಅಧಿಕೃತ ರೂಪ ನಿಗದಿಯಾದದ್ದು 1983ರಲ್ಲಿ. ಪಾಸ್‌ವರ್ಡ್ ಸೇರಿದಂತೆ ನಾವು ಒತ್ತಿದ ಪ್ರತಿ ಅಕ್ಷರವೂ ಟೆಲ್‌ನೆಟ್‌ನಲ್ಲಿ ಪೋಸ್ಟ್‌ಕಾರ್ಡಿನ ಹಾಗೆ ಬಿಚ್ಚಿಟ್ಟುಕೊಂಡೇ ಹೋಗುತ್ತಿತ್ತು. ದಾರಿಯಲ್ಲಿರುವ ಯಾರು ಬೇಕಾದರೂ ಓದಬಹುದು. ಜಾಲದಲ್ಲಿದ್ದವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದ ಸಂಶೋಧಕರು, ಹಾಗಾಗಿ ನಡೆಯಿತು.

ನಮ್ಮ ಕಡೆ ದೊಡ್ಡ ತಿರುವು ಬಂದದ್ದು 1985ರಲ್ಲಿ, ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಲ್ಲಿ ಕಚೇರಿ ತೆರೆದು, ಉಪಗ್ರಹದ ಮೂಲಕ ವಿದೇಶದ ತನ್ನ ಕಂಪ್ಯೂಟರುಗಳಿಗೆ ಸ್ವಂತ ಸಂಪರ್ಕ ಹಾಕಿಸಿತು. ಆ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ತಂದ ಕತೆ ಬೆಂಗಳೂರಿನ ಐಟಿ ಪುರಾಣದಲ್ಲಿ ಈಗಲೂ ಓಡಾಡುತ್ತಿದೆ. ಭಾರತದ ಎಂಜಿನಿಯರು ಇಲ್ಲೇ ಕೂತು ಅಲ್ಲಿಯ ಯಂತ್ರದಲ್ಲಿ ಕೆಲಸ ಮಾಡಬಹುದು ಎಂದು ಅದು ತೋರಿಸಿಕೊಟ್ಟಿತು. ನಾವೆಲ್ಲ ಇವತ್ತು ತಿನ್ನುತ್ತಿರುವ ಅನ್ನದ ಬೀಜ ಆ ಡಿಶ್ ಆಂಟೆನಾದಲ್ಲಿದೆ. ಮರುವರ್ಷ, 1986ರಲ್ಲಿ, ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಅರ್ನೆಟ್ ಎಂಬ ಶೈಕ್ಷಣಿಕ ಜಾಲ ಶುರು ಮಾಡಿತು. ಅದರ ಮೊದಲ 8 ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿ ಮದ್ರಾಸೂ ಇದ್ದವು.

1995ರ ಎರಡು ಘಟನೆ

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ್ ಲಿಮಿಟೆಡ್, ಅಂದರೆ ವಿಎಸ್‌ಎನ್‌ಎಲ್, ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮೊದಲ ದಿನ ಸಿಕ್ಕ ನಗರಗಳಲ್ಲಿ ಚೆನ್ನೈಯೂ ಒಂದು. ಅಗ್ಗದ ದರದ ಸಂಪರ್ಕಕ್ಕೆ ‘ಶೆಲ್ ಅಕೌಂಟ್’ ಎಂದು ಹೆಸರು. ಮೋಡೆಮ್‌ನಿಂದ ವಿಎಸ್‌ಎನ್‌ಎಲ್‌ನ ಕಂಪ್ಯೂಟರಿಗೆ ಡಯಲ್ ಮಾಡಿದರೆ ಕಪ್ಪು ಪರದೆಯ ಮೇಲೆ ಅಕ್ಷರ ಮಾತ್ರ ಬರುತ್ತಿತ್ತು, ಚಿತ್ರ ಇಲ್ಲ. ಸರಿಯಾಗಿ ನೋಡಿದರೆ ಇಂಟರ್ನೆಟ್‌ನಲ್ಲಿದ್ದದ್ದು ವಿಎಸ್‌ಎನ್‌ಎಲ್‌ನ ಯಂತ್ರ. ಮನೆಯ ಕಂಪ್ಯೂಟರ್ ಅದರ ಬರೀ ಟರ್ಮಿನಲ್. ನಮ್ಮ ದೇಶದ ಸಾಮಾನ್ಯ ಜನರ ಮೊದಲ ಇಂಟರ್ನೆಟ್ ಅನುಭವವೇ ಒಂದು ರೀತಿಯ ರಿಮೋಟ್ ಆಕ್ಸೆಸ್ ಆಗಿತ್ತು ಅನ್ನುವುದು ನಾವು ಮರೆತಿರುವ ಸಂಗತಿ.

ಅದೇ ವರ್ಷ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಹಾದುಹೋಗುವ ಪಾಸ್‌ವರ್ಡುಗಳನ್ನು ಗುಡ್ಡೆ ಹಾಕಿದ್ದು ಪತ್ತೆಯಾಯಿತು. ಪೋಸ್ಟ್‌ಕಾರ್ಡಿನ ಕಾಲ ಮುಗಿದಿತ್ತು. ಅಲ್ಲಿದ್ದ ಟಾಟು ಯ್ಲೋನೆನ್ ಎಂಬ ಸಂಶೋಧಕ ಕೂತು ಎಸ್‌ಎಸ್‌ಎಚ್ ಬರೆದ. ಮಾತನ್ನೆಲ್ಲ ಗುಪ್ತಲಿಪಿಯಲ್ಲಿ ಸುತ್ತಿ ಕಳಿಸುವ ಪದ್ಧತಿ. ಪ್ರತಿ ಸೇವೆಗೂ ಜಾಲದಲ್ಲಿ ಒಂದು ಬಾಗಿಲ ಸಂಖ್ಯೆ ಇರುತ್ತದೆ, ಅದಕ್ಕೆ ಪೋರ್ಟ್ ಅನ್ನುತ್ತೇವೆ. ಎಫ್‌ಟಿಪಿಯದು 21, ಟೆಲ್‌ನೆಟ್‌ನದು 23. ನಡುವಿನ 22 ಖಾಲಿ ಇತ್ತು. ಯ್ಲೋನೆನ್ ಅದನ್ನು ಕೇಳಿದ, ಸಿಕ್ಕಿತು. ಇವತ್ತಿಗೂ ಜಗತ್ತಿನ ಸರ್ವರುಗಳು ಆ 22ನೇ ಬಾಗಿಲಿನಿಂದಲೇ ನಿರ್ವಹಣೆಯಾಗುತ್ತಿವೆ.

ಎಸ್‌ಎಸ್‌ಎಚ್ ತಂದ ದೊಡ್ಡ ವಿಚಾರ ಕೀಲಿಗಳ ಜೋಡಿ. ಒಂದು ಗುಟ್ಟಿನ ಕೀಲಿ, ಅದು ನನ್ನ ಯಂತ್ರ ಬಿಟ್ಟು ಎಲ್ಲೂ ಹೋಗುವುದಿಲ್ಲ. ಇನ್ನೊಂದು ಸಾರ್ವಜನಿಕ ಕೀಲಿ, ಅದನ್ನು ದೂರದ ಯಂತ್ರದಲ್ಲಿ ಇಟ್ಟುಬರುತ್ತೇನೆ. ಬೀಗವನ್ನು ನಾನೇ ಮಾಡಿ ಅಲ್ಲಿ ಹಾಕಿ, ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡ ಹಾಗೆ. ನಡುವಿನವರು ಎಷ್ಟೇ ಜನ ಇರಲಿ, ಅವರ ಕೈಗೆ ಏನೂ ಸಿಗುವುದಿಲ್ಲ.

ಪರದೆಯೇ ನಡೆದುಬಂತು

ಕಪ್ಪು ಪರದೆಯ ಅಕ್ಷರ ಎಂಜಿನಿಯರುಗಳಿಗೆ ಸಾಕು, ಮನೆಯವರಿಗೆ ಸಾಲದು. ಪೂರ್ತಿ ಪರದೆಯನ್ನೇ ದೂರಕ್ಕೆ ಒಯ್ಯುವ ಪ್ರಯತ್ನ 1980ರ ದಶಕದಲ್ಲೇ ಶುರುವಾಗಿತ್ತು. ಪಿಸಿಎನಿವೇರ್ ಎಂಬ ಸಾಫ್ಟ್‌ವೇರ್ ಬಂದದ್ದು 1986ರಲ್ಲಿ. 1991ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡಿತು. ವರ್ಷಗಟ್ಟಲೆ ಕಚೇರಿಗಳಲ್ಲಿ ಅದೇ ರಾಜ. 2012ರ ಜನವರಿಯಲ್ಲಿ ಅದರ ಹಳೆಯ ಮೂಲ ಸಂಕೇತ ಕಳುವಾದದ್ದು ಹೊರಬಿತ್ತು. ಕಳವಿನ ಸುದ್ದಿ ಹರಡಿದ ಗುಂಪು ತನ್ನನ್ನು ‘ಲಾರ್ಡ್ಸ್ ಆಫ್ ಧರ್ಮರಾಜ’ ಅಂತ ಕರೆದುಕೊಂಡಿತ್ತು. ಸದ್ಯಕ್ಕೆ ನಮ್ಮ ಸಾಫ್ಟ್‌ವೇರ್ ಬಳಸಬೇಡಿ ಎಂದು ಕಂಪನಿಯೇ ಗ್ರಾಹಕರಿಗೆ ಹೇಳಬೇಕಾಯಿತು. ಎರಡು ವರ್ಷದಲ್ಲಿ ಪಿಸಿಎನಿವೇರ್ ಅಂಗಡಿ ಮುಚ್ಚಿತು. ಒಂದು ಹೆಸರನ್ನೇ ನಂಬಿ ಕೂರಬಾರದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

1998ರಲ್ಲಿ ಎರಡು ಹೊಸ ದಾರಿ ತೆರೆದವು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯ ವಿಎನ್‌ಸಿಯನ್ನು ಮುಕ್ತ ತಂತ್ರಾಂಶವಾಗಿ ಹಂಚಿತು. ಪರದೆಯ ಚುಕ್ಕೆಗಳಲ್ಲಿ ಬದಲಾದದ್ದನ್ನು ಮಾತ್ರ ಕಳಿಸುವ ಸರಳ ಉಪಾಯ ಅದು. ವಿಂಡೋಸ್, ಲಿನಕ್ಸ್, ಮ್ಯಾಕ್ ಎನ್ನುವ ಭೇದ ಇಲ್ಲ. ಅದೇ ವರ್ಷ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯ ಜೊತೆ ಆರ್‌ಡಿಪಿ ತಂದಿತು. 2001ರ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಅದು ‘ರಿಮೋಟ್ ಡೆಸ್ಕ್‌ಟಾಪ್’ ಆಗಿ ಮನೆಮನೆಗೆ ಬಂತು. ಎಕ್ಸ್‌ಪಿ ಹೋಮ್ ಕೊಂಡವರಿಗೆ ಆ ಭಾಗ್ಯ ಇರಲಿಲ್ಲ. ಇವತ್ತಿನ ವಿಂಡೋಸ್ 11ರ ಹೋಮ್ ಆವೃತ್ತಿಯಲ್ಲೂ ಅದೇ ಕತೆ: ಅದರಿಂದ ಬೇರೆ ಯಂತ್ರವನ್ನು ನೋಡಬಹುದು, ಅದನ್ನೇ ಬೇರೆ ಕಡೆಯಿಂದ ಆರ್‌ಡಿಪಿಯಲ್ಲಿ ನೋಡಲು ಬಿಡುವುದಿಲ್ಲ. ಊರಿಗೆ ಲ್ಯಾಪ್‌ಟಾಪ್ ಕೊಂಡು ಕೊಡುವವರು ಇದನ್ನು ಮೊದಲೇ ತಿಳಿದಿರಬೇಕು.

ಇವೆರಡೂ ಹುಟ್ಟಿದ್ದು ಒಂದೇ ಕಟ್ಟಡದೊಳಗಿನ ಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡು. ವಿಎನ್‌ಸಿಯ ಮೂಲ ಪದ್ಧತಿ ಪಾಸ್‌ವರ್ಡಿನ ಮೊದಲ 8 ಅಕ್ಷರಗಳನ್ನು ಮಾತ್ರ ಗಮನಿಸುತ್ತಿತ್ತು. ನೀವು ಮೂವತ್ತು ಅಕ್ಷರದ ಪಾಸ್‌ವರ್ಡ್ ಇಟ್ಟರೂ ಬೀಗ ಎಂಟಕ್ಕೇ ತೆರೆಯುತ್ತಿತ್ತು. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಪತ್ತೆಯಾದಾಗ, ಪಾಸ್‌ವರ್ಡ್ ಇಲ್ಲದೆಯೇ ಹಳೆಯ ವಿಂಡೋಸ್‌ನ ಆರ್‌ಡಿಪಿ ಬಾಗಿಲಿನಿಂದ ಒಳನುಗ್ಗಬಹುದು ಅಂತ ಗೊತ್ತಾಯಿತು. ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕಳಿಸಿತು ಅಂದರೆ ಅಪಾಯ ಎಷ್ಟಿತ್ತು ನೋಡಿ. ರೌಟರಿನಲ್ಲಿ 3389 ಅಥವಾ 5900ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ಇಂದಿಗೂ ಬೀದಿಬಾಗಿಲಿಗೆ ಅಗಳಿ ಹಾಕದೆ ಮಲಗಿದ ಹಾಗೆ.

ವಿಳಾಸ ಇಲ್ಲದ ಮನೆ

ನಡುವೆ ಇನ್ನೊಂದು ತೊಂದರೆ ಬೆಳೆಯುತ್ತಿತ್ತು. ಇಂಟರ್ನೆಟ್‌ನ ಹಳೆಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಜಗತ್ತಿನ ಯಂತ್ರಗಳಿಗೆ ಅದು ಸಾಲದು ಅಂತ 1990ರ ದಶಕದ ಆರಂಭದಲ್ಲೇ ಗೊತ್ತಾಗಿತ್ತು. 1994ರಲ್ಲಿ ನ್ಯಾಟ್ ಎಂಬ ಉಪಾಯ ಪ್ರಕಟವಾಯಿತು: ಮನೆಗೆಲ್ಲ ಸೇರಿ ಹೊರಗೆ ಒಂದೇ ವಿಳಾಸ, ಒಳಗೆ ಪ್ರತಿ ಯಂತ್ರಕ್ಕೆ ಖಾಸಗಿ ಸಂಖ್ಯೆ. ವಠಾರಕ್ಕೆ ಒಂದೇ ಅಂಚೆಪೆಟ್ಟಿಗೆ ಇದ್ದ ಹಾಗೆ. ನಿಮ್ಮ ಮನೆಯ ರೌಟರಿನಲ್ಲಿ 192.168 ಅಂತ ಶುರುವಾಗುವ ಸಂಖ್ಯೆ ಕಾಣುವುದು ಇದರಿಂದಲೇ.

2011ರ ಫೆಬ್ರುವರಿಯಲ್ಲಿ ವಿಳಾಸಗಳ ಜಾಗತಿಕ ಕಣಜ ಬರಿದಾಯಿತು. ಏಷ್ಯಾ ಪೆಸಿಫಿಕ್ ಪಾಲಿನದು ಅದೇ ಏಪ್ರಿಲ್ ಹೊತ್ತಿಗೆ ತಳ ಮುಟ್ಟಿತು. ಆಮೇಲೆ ಸೇವಾದಾರರು ವಠಾರದ ಮೇಲೊಂದು ವಠಾರ ಕಟ್ಟಿದರು. ಅದರ ಹೆಸರು ಸಿಜಿನ್ಯಾಟ್. ಅದಕ್ಕೆಂದು 2012ರಲ್ಲಿ 100.64ರಿಂದ ಶುರುವಾಗುವ ಸಂಖ್ಯೆಗಳನ್ನು ಮೀಸಲಿಟ್ಟರು. ನಿಮ್ಮ ರೌಟರಿನ ಹೊರಬದಿಯ ವಿಳಾಸ 100.64ರಿಂದ 100.127ರೊಳಗೆ ಇದ್ದರೆ ನೀವು ಆ ಎರಡನೇ ವಠಾರದಲ್ಲಿದ್ದೀರಿ. ಹೊರಗಿನಿಂದ ನಿಮ್ಮ ಮನೆಯ ಬಾಗಿಲು ಬಡಿಯಲು ದಾರಿಯೇ ಇಲ್ಲ. ಊರಿಗೆ ಫೈಬರ್ ಬಂದಿದೆ, ವೇಗ ಚೆನ್ನಾಗಿದೆ, ಆದರೂ ಪೋರ್ಟ್ ತೆರೆದದ್ದು ಕೆಲಸ ಮಾಡುತ್ತಿಲ್ಲ ಎನ್ನುವವರಲ್ಲಿ ಹಲವರ ಸಮಸ್ಯೆ ಇದೇ.

ಹೊರಗಿನಿಂದ ಒಳಗೆ ಬರಲಾಗದಿದ್ದರೆ ಏನಂತೆ, ಒಳಗಿನಿಂದ ಹೊರಗೆ ಹೋಗಬಹುದಲ್ಲ? ಎರಡೂ ಯಂತ್ರಗಳು ಹೊರಗೆ ಹೋಗಿ ನಡುವಿನ ಒಬ್ಬನ ಹತ್ತಿರ ಭೇಟಿಯಾಗಲಿ. ಈ ಉಪಾಯದ ಮೇಲೆ ಒಂದು ದೊಡ್ಡ ವ್ಯಾಪಾರವೇ ನಿಂತಿತು. 2005ರಲ್ಲಿ ಜರ್ಮನಿಯ ಗ್ಯೋಪಿಂಗನ್‌ನಿಂದ ಟೀಮ್‌ವ್ಯೂವರ್ ಬಂತು. 2011ರಲ್ಲಿ ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, 2014ರಲ್ಲಿ ಜರ್ಮನಿಯದೇ ಸ್ಟುಟ್‌ಗಾರ್ಟ್‌ನಿಂದ ಎನಿಡೆಸ್ಕ್. ಒಂದು ಸಂಖ್ಯೆ ಹೇಳಿ, ಒಂದು ಪಾಸ್‌ವರ್ಡ್ ಹೇಳಿ, ಮುಗಿಯಿತು. ಪೋರ್ಟ್ ಗೊತ್ತಿರಬೇಕಿಲ್ಲ, ನ್ಯಾಟ್ ಗೊತ್ತಿರಬೇಕಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿ ಮಾಡಿಸುವಷ್ಟು ಸುಲಭ. 1973ರ ಕೌಂಟರಿನ ಆಪರೇಟರ್ ಹೊಸ ವೇಷದಲ್ಲಿ ಮರಳಿ ಬಂದಿದ್ದ. ಈ ಸಲ ಯಂತ್ರ ಮಾತ್ರ ನಮ್ಮದು.

ಅಡ್ಯಾರ್ ನದಿ ಕಲಿಸಿದ್ದು

2015ರ ಡಿಸೆಂಬರ್ 1ರ ಮಳೆ ಇಲ್ಲಿಯವರು ಮರೆಯುವಂಥದ್ದಲ್ಲ. ತಾಂಬರಂನಲ್ಲಿ ಒಂದೇ ದಿನ 49 ಸೆಂಟಿಮೀಟರ್ ಬಿತ್ತು. ಚೆಂಬರಂಬಾಕ್ಕಂ ಕೆರೆಯಿಂದ 29,000 ಕ್ಯೂಸೆಕ್ಸ್ ನೀರು ಬಿಟ್ಟರು. ಅಡ್ಯಾರ್ ನದಿ ಸೈದಾಪೇಟೆ, ಕೋಟ್ಟೂರುಪುರಂ ಕಡೆ ಮನೆಗಳಿಗೆ ನುಗ್ಗಿತು. 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಆವೃತ್ತಿ ಮರುದಿನ ಅಚ್ಚಾಗಲಿಲ್ಲ, ಮುದ್ರಣಾಲಯಕ್ಕೆ ಕೆಲಸಗಾರರು ತಲುಪಲಾಗಲಿಲ್ಲ. ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತ್ತು. ಹಲವು ಐಟಿ ಕಂಪನಿಗಳು ತಮ್ಮ ಜನರನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಸಾಗಿಸಿ ಅಲ್ಲಿಂದ ಕೆಲಸ ನಡೆಸಿದವು.

ಆಗ ನಾನು ಅಡ್ಯಾರಿನಲ್ಲೇ ಇದ್ದೆ. ಕೆಲಸದ ಲ್ಯಾಪ್‌ಟಾಪಿನಲ್ಲಿ ಸಂಪರ್ಕದ ಸಾಫ್ಟ್‌ವೇರ್ ಎಲ್ಲ ಸರಿಯಾಗಿತ್ತು. ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ಸಾಫ್ಟ್‌ವೇರ್ ತೆಗೆದುಕೊಂಡು ಏನು ಮಾಡುವುದು? ದೂರಸಂಪರ್ಕಕ್ಕೆ ಎರಡು ತುದಿಗಳೂ ಜೀವಂತ ಇರಬೇಕು ಎನ್ನುವ ಸರಳ ಸತ್ಯ ಆ ವಾರ ಮನಸ್ಸಿಗೆ ನಾಟಿತು. ನಮ್ಮ ತೀರ್ಥಹಳ್ಳಿ ಕಡೆ ಇದು ಹೊಸ ವಿಷಯವೇ ಅಲ್ಲ. ಗುಡುಗು ಶುರುವಾದರೆ ಮೊದಲು ಮಾಡುವ ಕೆಲಸ ರೌಟರಿನ ವಯರು ಕಿತ್ತಿಡುವುದು. ಮುಂಗಾರಿನ ನಾಲ್ಕು ತಿಂಗಳು ಊರಿನ ಕಂಪ್ಯೂಟರ್ ಸಿಕ್ಕಿದಾಗ ಸಿಕ್ಕಿತು ಅಷ್ಟೇ. ಯಾವ ಕಂಪನಿಯ ಜಾಹೀರಾತೂ ಇದನ್ನು ಹೇಳುವುದಿಲ್ಲ. ಇಂಥ ಕಡೆ ಎರಡು ಸಣ್ಣ ಏರ್ಪಾಡು ಸಾಫ್ಟ್‌ವೇರಿಗಿಂತ ಹೆಚ್ಚು ಉಪಕಾರಿ: ಕರೆಂಟು ಬಂದ ಕೂಡಲೇ ತಾನೇ ಚಾಲೂ ಆಗುವಂತೆ ಡೆಸ್ಕ್‌ಟಾಪಿನ ಬಯಾಸ್‌ನಲ್ಲಿ ಒಂದು ಆಯ್ಕೆ, ಮತ್ತು ಇನ್ವರ್ಟರಿಗೆ ಸೇರಿಸಿದ ರೌಟರು.

2020ರ ಮಾರ್ಚ್‌ನಲ್ಲಿ ಇದೇ ಪಾಠದ ಇನ್ನೊಂದು ಮುಖ ಕಂಡಿತು. ಅಲ್ಲಿಯವರೆಗೆ ಹೊರಗಿನ ಗ್ರಾಹಕರಿಗೆ ಸೇವೆ ಕೊಡುವ ಬಿಪಿಒದಂಥ ಕಂಪನಿಗಳು ಮನೆಯಿಂದ ಕೆಲಸ ಮಾಡಿಸಲು ದೂರಸಂಪರ್ಕ ಇಲಾಖೆಯ ಒಪ್ಪಿಗೆ, ಭದ್ರತಾ ಠೇವಣಿ, ನಿಗದಿತ ಜಾಲ ಅಂತ ಕಟ್ಟುಪಾಡುಗಳಿದ್ದವು. ಮಾರ್ಚ್ 13ರಂದು ಇಲಾಖೆ ಅವನ್ನು ತಾತ್ಕಾಲಿಕವಾಗಿ ಸಡಿಲಿಸಿತು. 24ರ ರಾತ್ರಿ ಲಾಕ್‌ಡೌನ್ ಘೋಷಣೆ. ನವೆಂಬರಿನಲ್ಲಿ ಆ ನಿಯಮಗಳೇ ಬದಲಾದವು. ನಮ್ಮಲ್ಲಿ ಎಷ್ಟೋ ಜನ ಊರಿಗೆ ಹೋಗಿ ಜಗಲಿಯಲ್ಲಿ ಕೂತು ಓಎಂಆರ್ ರಸ್ತೆಯ ಕಚೇರಿಯ ಯಂತ್ರದಲ್ಲಿ ಕೆಲಸ ಮಾಡಲು ಸಾಧ್ಯವಾದದ್ದು ವೇಗದ ಇಂಟರ್ನೆಟ್‌ನಿಂದ ಮಾತ್ರ ಅಲ್ಲ, ಆ ಒಂದು ಸರ್ಕಾರಿ ಕಾಗದದಿಂದಲೂ ಹೌದು.

ಸಂಖ್ಯೆ ಕೇಳುವ ಫೋನ್ ಕರೆ

ಸುಲಭವಾದ ಬಾಗಿಲು ಕಳ್ಳನಿಗೂ ಸುಲಭ. “ಬ್ಯಾಂಕಿನಿಂದ ಮಾತಾಡ್ತಾ ಇದ್ದೀವಿ, ಒಂದು ಆ್ಯಪ್ ಹಾಕ್ಕೊಳ್ಳಿ, ಬರೋ ಒಂಬತ್ತು ಅಂಕಿ ಹೇಳಿ” ಎಂಬ ಕರೆಗಳು ಶುರುವಾದವು. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರು ಹೇಳಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. ಸಾಫ್ಟ್‌ವೇರಿನಲ್ಲಿ ದೋಷ ಇದೆ ಅಂತಲ್ಲ, ಅದನ್ನು ಹಾಕಿಸಿ ಜನರ ಖಾತೆ ಖಾಲಿ ಮಾಡುತ್ತಿದ್ದಾರೆ ಅಂತ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನದೇ ಕ್ವಿಕ್ ಅಸಿಸ್ಟ್ ಬಗ್ಗೆ ಅದೇ ಬಗೆಯ ಎಚ್ಚರಿಕೆ ಪ್ರಕಟಿಸಿತು. ಮಧ್ಯವರ್ತಿ ಕಂಪನಿಗಳಿಗೂ ಕನ್ನ ಬಿದ್ದದ್ದುಂಟು. 2024ರ ಫೆಬ್ರುವರಿಯಲ್ಲಿ ತನ್ನ ವ್ಯವಸ್ಥೆಯೊಳಗೆ ಯಾರೋ ನುಗ್ಗಿದ್ದರೆಂದು ಎನಿಡೆಸ್ಕ್ ಒಪ್ಪಿಕೊಂಡು ತನ್ನ ಪ್ರಮಾಣಪತ್ರಗಳನ್ನು ಬದಲಿಸಿತು. ಅದೇ ಜೂನ್‌ನಲ್ಲಿ ಟೀಮ್‌ವ್ಯೂವರ್ ತನ್ನ ಕಚೇರಿ ಜಾಲಕ್ಕೆ ದಾಳಿಯಾದದ್ದನ್ನು ತಿಳಿಸಿತು, ಗ್ರಾಹಕರ ಸಂಪರ್ಕಕ್ಕೆ ಧಕ್ಕೆಯಾಗಿಲ್ಲ ಎಂದೂ ಹೇಳಿತು.

ನಮ್ಮಂಥ ವಲಸಿಗರಿಗೆ ಇಲ್ಲಿ ನಿಜವಾದ ಇಕ್ಕಟ್ಟಿದೆ. ಅಪ್ಪ ಅಮ್ಮನಿಗೆ ನಾವೇ ಕಲಿಸಿರುತ್ತೇವೆ: ಆ್ಯಪ್ ತೆರಿ, ಅಂಕಿ ಹೇಳು, ‘ಅಕ್ಸೆಪ್ಟ್’ ಒತ್ತು. ಮೋಸಗಾರ ಹೇಳುವುದೂ ಅದೇ ಮೂರು ಮಾತು. ಮಗ ಕಲಿಸಿದ ಪಾಠವನ್ನು ಅವನು ಬಳಸಿಕೊಳ್ಳುತ್ತಾನೆ ಅಷ್ಟೆ. ಅಪ್ಪಯ್ಯನ ಹತ್ತಿರ ಈ ಮಾತು ಬಂದಾಗ ನಾನು ಕೇಳಿದೆ, “ಯಾರಾದ್ರೂ ಫೋನ್ ಮಾಡಿ ಆ ನಂಬರ್ ಕೇಳಿದ್ರೆ ಏನ್ ಮಾಡ್ತೀರಿ ಅಪ್ಪಯ್ಯ?”

“ಹೇಳಲ್ಲ ಮಾರಾಯ. ನೀನು ಕೇಳಿದ್ರೂ ಫೋನ್ ಇಟ್ಟು, ನಾನೇ ನಿನ್ನ ನಂಬರಿಗೆ ಮಾಡಿ, ಆಮೇಲೆ ಹೇಳ್ತೀನಿ.”

ನಾನು ಓದಿದ ಯಾವ ಭದ್ರತಾ ಕೈಪಿಡಿಗೂ ಇದು ಕಡಿಮೆಯಿಲ್ಲ. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. “ಅದಿರಲಿ, ನಾನು ಕೂತು ಏನು ಓದ್ತೀನಿ ಅನ್ನೋದೂ ನಿಂಗೆ ಅಲ್ಲಿಂದ ಕಾಣ್ತದಾ?” ಎಂದು ಕೇಳಿದರು. ಕಾಣದ ಹಾಗೆ ಮಾಡಬಹುದು, ಕಾಣುವ ಹಾಗೂ ಮಾಡಬಹುದು. ಆಯ್ಕೆ ಮಾಡುವವನು ನಾನು, ಆದರೆ ಪರದೆ ಅವರದು. ಸಾಫ್ಟ್‌ವೇರ್ ಆರಿಸುವಾಗ ಬೆಲೆ, ವೇಗ ಅಂತ ಪಟ್ಟಿ ಮಾಡುವ ನಾವು ಈ ಪ್ರಶ್ನೆಯನ್ನು ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ.

ಕೀಲಿ ಮತ್ತೆ ಜೇಬಿಗೆ

ಲಾಕ್‌ಡೌನ್ ಘೋಷಣೆಯಾಗಿ ಐದೇ ದಿನಕ್ಕೆ, 2020ರ ಮಾರ್ಚ್ 29ರಂದು, ಲಿನಕ್ಸ್ 5.6 ಬಿಡುಗಡೆಯಾಯಿತು. ಅದರೊಳಗೆ ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಮೊದಲ ಬಾರಿಗೆ ಸೇರಿತ್ತು. ಇದು ಪರದೆ ತೋರಿಸುವ ಸಾಫ್ಟ್‌ವೇರ್ ಅಲ್ಲ. ಎರಡು ಯಂತ್ರಗಳ ನಡುವೆ ಗುಪ್ತ ಸುರಂಗ ಕೊರೆಯುವ ವಿಪಿಎನ್. ಹಳೆಯ ವಿಪಿಎನ್‌ಗಳ ಸಂಕೇತ ಲಕ್ಷಾಂತರ ಸಾಲು, ಇದರದು ಸುಮಾರು 4,000. ಪರಿಶೀಲಿಸುವವರಿಗೆ ಕೂತು ಓದಿ ಮುಗಿಸುವಷ್ಟು ಚಿಕ್ಕದು. ಎಸ್‌ಎಸ್‌ಎಚ್‌ನ ಹಾಗೆ ಇಲ್ಲೂ ಕೀಲಿಗಳ ಜೋಡಿ, ಗುಟ್ಟಿನ ಕೀಲಿ ಯಂತ್ರದಲ್ಲೇ. ಕೀಲಿ ಇಲ್ಲದವರು ಬಡಿದರೆ ಬಾಗಿಲು ಉತ್ತರವನ್ನೇ ಕೊಡುವುದಿಲ್ಲ, ಅಲ್ಲೊಂದು ಬಾಗಿಲಿದೆ ಎಂದೂ ತಿಳಿಯುವುದಿಲ್ಲ.

ಸಿಜಿನ್ಯಾಟ್ ಹಿಂದೆ ಇರುವವರಿಗೆ ಬರೀ ವೈರ್‌ಗಾರ್ಡ್ ಸಾಲದು, ಎರಡು ತುದಿಗಳನ್ನು ಭೇಟಿ ಮಾಡಿಸಲು ಯಾರಾದರೂ ಬೇಕು. 2019ರಲ್ಲಿ ಶುರುವಾದ ಟೇಲ್‌ಸ್ಕೇಲ್ ಆ ಕೆಲಸ ಮಾಡುತ್ತದೆ. ಇಲ್ಲಿ ಮಧ್ಯವರ್ತಿ ಇದ್ದಾನೆ, ಆದರೆ ಅವನ ಹತ್ತಿರ ಇರುವುದು ಸಾರ್ವಜನಿಕ ಕೀಲಿ ಮಾತ್ರ. ಯಾರು ಯಾರ ಜಾಲದಲ್ಲಿದ್ದಾರೆ ಅಂತ ಅವನು ಹೇಳಬಲ್ಲ, ಒಳಗೆ ಏನು ಹರಿಯಿತು ಅಂತ ಓದಲಾರ. ಅವನ ಮೇಲೂ ನಂಬಿಕೆ ಇಲ್ಲದಿದ್ದರೆ ಹೆಡ್‌ಸ್ಕೇಲ್ ಎಂಬ ಮುಕ್ತ ತಂತ್ರಾಂಶ ಹಾಕಿ ಆ ಕೆಲಸವನ್ನು ಸ್ವಂತ ಸರ್ವರಿನಲ್ಲೇ ನಡೆಸಬಹುದು. ಭಾರತದಲ್ಲಿ 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಮೇಲೆ ಸಾರ್ವಜನಿಕರಿಗೆ ವಿಪಿಎನ್ ಮಾರುವ ಕಂಪನಿಗಳು ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಬೇಕು. ಸ್ವಂತ ಮನೆಯ ಎರಡು ಯಂತ್ರಗಳನ್ನು ಜೋಡಿಸಿಕೊಂಡವರು ಯಾರಿಗೂ ವಿಪಿಎನ್ ಮಾರುತ್ತಿಲ್ಲ, ಅದಕ್ಕಾಗಿ ಗಾಬರಿ ಬೇಡ.

ಹಾಗಾದರೆ ಯಾವುದು?

ಇಷ್ಟು ಇತಿಹಾಸ ಗೊತ್ತಾದ ಮೇಲೆ ನನ್ನ ಉತ್ತರ ಒಂದು ಹೆಸರಲ್ಲ, ಸಂದರ್ಭಕ್ಕೆ ತಕ್ಕ ನಾಲ್ಕು.

ಯಂತ್ರದ ಮುಂದೆ ಊರಲ್ಲೊಬ್ಬರು ಕೂತಿದ್ದು, ಅವರಿಗೆ ಅಪರೂಪಕ್ಕೆ ಸಹಾಯ ಬೇಕಾದರೆ: ವಿಂಡೋಸ್‌ನೊಳಗೇ ಬರುವ ಕ್ವಿಕ್ ಅಸಿಸ್ಟ್, ಅಥವಾ ಕ್ರೋಮ್ ರಿಮೋಟ್ ಡೆಸ್ಕ್‌ಟಾಪಿನ ಒಂದು ಸಲದ ಕೋಡ್. ಎರಡರಲ್ಲೂ ಕೋಡ್ ಸ್ವಲ್ಪ ಹೊತ್ತಿಗೆ ಸಾಯುತ್ತದೆ, ಆ ಕಡೆಯವರು ಒಪ್ಪಿಗೆ ಒತ್ತಲೇಬೇಕು. ಶಾಶ್ವತ ಪಾಸ್‌ವರ್ಡ್ ಇಡಬೇಡಿ. ಬ್ಯಾಂಕಿನ ಆ್ಯಪ್ ಇರುವ ಮೊಬೈಲಿನಲ್ಲಿ ಇಂಥ ಯಾವುದನ್ನೂ ಹಾಕಲೇಬೇಡಿ. ಟೀಮ್‌ವ್ಯೂವರ್ ಬಳಸುವವರು ಅದರ ಉಚಿತ ಪರವಾನಗಿ ಸ್ವಂತ ಬಳಕೆಗೆ ಮಾತ್ರ ಅನ್ನುವುದನ್ನು ನೆನಪಿಡಿ. ಆಫೀಸಿನ ಕೆಲಸದ ವಾಸನೆ ಬಡಿದರೆ ಅದು ಸಂಪರ್ಕ ಕತ್ತರಿಸುತ್ತದೆ.

ಯಂತ್ರ ನಿಮ್ಮದೇ, ಮುಂದೆ ಯಾರೂ ಇಲ್ಲ, ಆಗಾಗ ತಲುಪಬೇಕು ಎಂದಾದರೆ: ಸಾರ್ವಜನಿಕ ವಿಳಾಸ ಇದ್ದರೆ ವೈರ್‌ಗಾರ್ಡ್, ಸಿಜಿನ್ಯಾಟ್ ಇದ್ದರೆ ಟೇಲ್‌ಸ್ಕೇಲ್. ಆ ಸುರಂಗದ ಒಳಗೆ ಹಳೆಯ ಎಸ್‌ಎಸ್‌ಎಚ್, ವಿಎನ್‌ಸಿ, ಆರ್‌ಡಿಪಿ ಯಾವುದು ಬೇಕೋ ಅದು. ಕಟ್ಟಡದೊಳಗಿನ ಜಾಲಕ್ಕೆಂದು ಹುಟ್ಟಿದ ಅವು ಅಲ್ಲಿ ಸುರಕ್ಷಿತವಾಗಿ ಬದುಕುತ್ತವೆ. ಮಲಗಿದ ಡೆಸ್ಕ್‌ಟಾಪನ್ನು ಎಬ್ಬಿಸುವ ವೇಕ್-ಆನ್-ಲ್ಯಾನ್ ಸಂದೇಶ ಮನೆಯ ಜಾಲದೊಳಗಿಂದಲೇ ಹೊರಡಬೇಕು, ಹಾಗಾಗಿ ಯಾವಾಗಲೂ ಚಾಲೂ ಇರುವ ರಾಸ್ಪ್‌ಬೆರಿ ಪೈ ಥರದ ಪುಟ್ಟ ಪೆಟ್ಟಿಗೆಯೊಂದು ಅಲ್ಲಿದ್ದರೆ ಒಳ್ಳೆಯದು. ಕರೆಂಟಿನ ಖರ್ಚೂ ಕಡಿಮೆ.

ಟೀಮ್‌ವ್ಯೂವರಿನ ಸುಲಭವೂ ಬೇಕು, ಹೊರಗಿನ ಮಧ್ಯವರ್ತಿಯೂ ಬೇಡ ಎನ್ನುವವರಿಗೆ ರಸ್ಟ್‌ಡೆಸ್ಕ್ ಇದೆ. ಮೂಲ ಸಂಕೇತ ಮುಕ್ತವಾಗಿದೆ, ನಡುವಿನ ಸರ್ವರನ್ನು ನೀವೇ ನಡೆಸಬಹುದು. ಅದನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವ ಹೊಣೆಯೂ ನಿಮ್ಮದೇ. ಅದಕ್ಕೆ ಪುರುಸೊತ್ತಿಲ್ಲ ಎಂದಾದರೆ ಈ ದಾರಿ ಬೇಡ. ನಾಲ್ಕನೆಯದು ಕಚೇರಿಯ ಯಂತ್ರ. ಅದಕ್ಕೆ ಮನೆಯಿಂದ ಏನನ್ನೂ ಹಾಕುವ ಮುಂಚೆ ಕಚೇರಿಯ ಐಟಿ ವಿಭಾಗವನ್ನು ಕೇಳಿ. ಅಲ್ಲಿ ಇನ್ನೂ 1973ರ ನಿಯಮವೇ: ಯಂತ್ರ ಅವರದು.

ಯಾವುದನ್ನೇ ಹಾಕಿ, ಎರಡು ಕೆಲಸ ಕಡ್ಡಾಯ. ಖಾತೆಗೆ ಎರಡನೇ ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡಿನ ಜೊತೆ ಫೋನಿಗೆ ಬರುವ ಇನ್ನೊಂದು ಒಪ್ಪಿಗೆ. ಮತ್ತೆ ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ ಊರಿಗೆ ಹೋದಾಗ, ಯಾವ ಯಾವ ಯಂತ್ರಗಳಿಗೆ ಪ್ರವೇಶ ಇದೆ ಅಂತ ಪಟ್ಟಿ ತೆಗೆದು, ಮಾರಿದ ಫೋನು, ಹಳೆಯ ಲ್ಯಾಪ್‌ಟಾಪು ಎಲ್ಲವನ್ನೂ ಅದರಿಂದ ಕಿತ್ತುಹಾಕುವುದು.

ನಮ್ಮ ಊರಿನ ಮನೆಯಲ್ಲಿ ಈಗ ಇರುವ ಏರ್ಪಾಡು ಹೀಗಿದೆ. ನಾನು ಫೈಲುಗಳನ್ನು ಇಟ್ಟಿರುವ ಹಳೆಯ ಡೆಸ್ಕ್‌ಟಾಪಿಗೆ ಸುರಂಗದ ದಾರಿ, ಅದಕ್ಕೆ ಯಾವ ಹೊತ್ತಿನಲ್ಲೂ ನಾನು ಹೋಗಬಹುದು. ಅಪ್ಪಯ್ಯನ ಲ್ಯಾಪ್‌ಟಾಪಿಗೆ ಅವರು ಕರೆದಾಗ ಮಾತ್ರ, ಅವರು ಓದಿ ಹೇಳಿದ ಕೋಡಿನ ಮೇಲೆ, ಅವರು ಒಪ್ಪಿಗೆ ಒತ್ತಿದ ಮೇಲೆ. ಕೆಲವು ಸಲ ಎರಡು ನಿಮಿಷದ ಕೆಲಸಕ್ಕೆ ಇದರಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅಡಿಕೆ ರೇಟು, ಮಳೆ, ಪಕ್ಕದ ಮನೆಯ ಮದುವೆ ಎಲ್ಲ ಮಾತಾಡಿ ಆಗುತ್ತದೆ. ಪ್ರಿಂಟರ್ ಸರಿಯಾದ ಮೇಲೆ “ಇನ್ನು ಹೋಗು” ಅಂತ ಅವರೇ ಕಿಟಕಿ ಮುಚ್ಚುತ್ತಾರೆ.